ಕುರ್ಚಿಯ ಹೊಟ್ಟೆ

"ನನಗೆ ಯಾರೂ ಮೋಸ ಮಾಡಲಿಲ್ಲ ಅತ್ತಿಗೆ. ಹಾಗಂತ ಯಾರ ಹತ್ರಾನೂ ಹೇಳ್ಬೇಡಿ. ಯಾರಾದ್ರೂ ಮನೆ ಬಾಗಿಲಿಗೆ ಬಂದು, ಮೇಷ್ಟ್ರೇ ನಿಮ್ಮ ಹೆಣಿಗೆ ಚೆನ್ನಾಗಿಲ್ಲ, ಕಿತ್ತು ಹಾಕಿ ಅಂದ್ರಾ? ಇಲ್ಲ. ಕತ್ತರಿ ನನ್ನ ಕೈಯಲ್ಲೇ ಇತ್ತು. ಬೆಳಿಗ್ಗೆ ಟೀ ಕುಡಿದೆ, ಲೋಟ ತೊಳೆದಿಟ್ಟೆ, ಮೊದಲನೇ ಕುರ್ಚಿ ಎಳ್ಕೊಂಡೆ. ಮೂಲೆಯಿಂದ ಮೂಲೆಗೆ ಒಂದ್ಸಲ ಕತ್ತರಿಸಿ, ಸುತ್ತ ಒಂದ್ಸಲ ಆಡಿಸಿದ್ರೆ ಸಾಕು, ಆಮೇಲೆ ಅದು ತಾನೇ ಬಿಟ್ಕೊಂಡು ಬರುತ್ತೆ. ಹೆಣೆಯೋಕೆ ಎರಡು ದಿನ ಬೇಕು. ಕೀಳೋಕೆ ಟೀ ಆರುವಷ್ಟು ಹೊತ್ತೂ ಬೇಡ. ಹತ್ತೊಂಬತ್ತು ಮುಗಿಯೋ ಹೊತ್ತಿಗೆ ಬಿಸಿಲು ಇನ್ನೂ ಕಿಟಕಿ ಹತ್ರಾನೇ ಇತ್ತು. ಆಗ ನನಗೆ ಸಂತೋಷಾನೇ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ಇಷ್ಟು ವರ್ಷಕ್ಕೆ ಒಂದು ಒಳ್ಳೇ ಕೆಲಸ ಮಾಡ್ತೀನಿ ಅನ್ಕೊಂಡಿದ್ದೆ. ಈಗ ಮಗಳು ಕೇಳ್ತಾಳೆ, ಅಪ್ಪಾ ಬೇಜಾರಾಗ್ತಿದೆಯಾ ಅಂತ. ಏನು ಹೇಳೋದು ಅವಳಿಗೆ. ಹಲ್ಲು ಕೀಳೋ ಮೊದಲು ಒಂದು ಸೂಜಿ ಚುಚ್ತಾರಲ್ಲ, ಆಮೇಲೆ ನಮ್ಮ ಕೆನ್ನೆ ನಾವೇ ಮುಟ್ಟಿದ್ರೆ ಪಕ್ಕದವರ ಕೆನ್ನೆ ಮುಟ್ಟಿದ ಹಾಗಿರುತ್ತೆ. ಹಾಗಿದೆ. ನೋವೂ ಇಲ್ಲ, ಏನೂ ಇಲ್ಲ. ಸೂಜಿ ಮದ್ದು ಇಳಿದ ಮೇಲೆ ನೋವು ಬರುತ್ತೆ ಅಂತ ಡಾಕ್ಟ್ರು ಹೇಳಿ ಕಳಿಸ್ತಾರೆ. ನನಗೆ ಅದೂ ಬರ್ತಿಲ್ಲ."

ಹೀಗೆ ಹೇಳಿದವನು ನನ್ನ ಮೈದುನ, ನನ್ನ ಗಂಡನ ತಮ್ಮ. ಬೆತ್ತದ ಕುರ್ಚಿ ಹೆಣೆಯುವುದು ಅವನ ಕಸುಬು. ನಾನು ಈ ಮನೆಗೆ ಬಂದಾಗ ಅವನಿಗೆ ಹನ್ನೆರಡು ವರ್ಷ. ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದು ಅಣ್ಣನ ಪಕ್ಕದಲ್ಲಿ ಕೂತುಬಿಟ್ಟಿದ್ದ. ನಾಲ್ಕನೇ ತರಗತಿಗೇ ಪುಸ್ತಕ ಮುಚ್ಚಿದವನನ್ನು ಇಡೀ ಬೀದಿ ಮೇಷ್ಟ್ರು ಎಂದು ಕರೆಯುತ್ತದೆ. ಯಾವಾಗ ನೋಡಿದರೂ ಕೈಯಲ್ಲಿ ಬೆತ್ತ ಇರುತ್ತದಲ್ಲ, ಅದಕ್ಕೆ. "ಬೆತ್ತ ಹಿಡಿದೂ ಯಾರಿಗೂ ಹೊಡೆಯದ ಮೇಷ್ಟ್ರು ನಾನೊಬ್ಬನೇ" ಎಂದು ಅವನೂ ನಗುತ್ತಿದ್ದ.

ಈ ಕೆಲಸ ನೋಡದವರಿಗೆ ಒಂದಿಷ್ಟು ಹೇಳಬೇಕು. ಕುರ್ಚಿಯ ಮರದ ಚೌಕಟ್ಟಿಗೆ ಸುತ್ತಲೂ ಸಣ್ಣ ತೂತುಗಳಿರುತ್ತವೆ. ಬೆತ್ತವನ್ನು ನೂಲಿನಂತೆ ತೆಳ್ಳಗೆ ಸೀಳಿ, ನೀರಿನಲ್ಲಿ ನೆನೆಸಿ, ಒದ್ದೆ ಇರುವಾಗಲೇ ಆ ತೂತುಗಳಲ್ಲಿ ಎಳೆಯಬೇಕು. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಸಲ. ಮೇಲಿನಿಂದ ನೋಡಿದರೆ ಜೇನುಗೂಡಿನ ಹಾಗೆ ಒತ್ತೊತ್ತಾಗಿ, ಆದರೆ ಎಂಟು ಮೂಲೆಯ ಕಣ್ಣುಗಳು ಕಾಣುತ್ತವೆ. ಒಣಗಿದ ಮೇಲೆ ಬೆತ್ತ ಬಿಗಿಯುತ್ತದೆ; ಬೆರಳಿನಿಂದ ತಟ್ಟಿದರೆ ತಮಟೆಯಂತೆ ಸದ್ದು ಬರಬೇಕು. ಗಂಟುಗಳೆಲ್ಲ ಕೆಳಗೆ. ಎಲ್ಲಿ ಎಳೆ ಮುಗಿಯಿತು, ಎಲ್ಲಿ ಹೊಸದು ಸೇರಿತು, ಎಲ್ಲಿ ಹೆಣೆಯುವವನಿಗೆ ಅವಸರವಾಯಿತು, ಎಲ್ಲವೂ ಕುರ್ಚಿಯ ಹೊಟ್ಟೆಯಲ್ಲಿ ಬರೆದಿರುತ್ತದೆ. "ಬೇರೆ ಕಡೆ ಮುಖ ನೋಡಿ ಮಣೆ ಹಾಕ್ತಾರೆ, ನಮ್ಮಲ್ಲಿ ಹೊಟ್ಟೆ ನೋಡಿ ಹಾಕ್ಬೇಕು" ಎಂದು ನನ್ನ ಗಂಡ ಹೇಳುತ್ತಿದ್ದರು.

ಮೈದುನನಿಗೆ ಇದು ಚಟವಾಗಿಬಿಟ್ಟಿತ್ತು. ಎಲ್ಲಿ ಹೋದರೂ ಕುರ್ಚಿಯನ್ನು ಬೋರಲು ಹಾಕಿ ನೋಡುತ್ತಿದ್ದ. ಅವನ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಸಹಿ ಹಾಕಲು ಕರೆದರೆ ಇವನು ಮೂಲೆಯಲ್ಲಿ ಸಾಹೇಬರ ಇನ್ನೊಂದು ಕುರ್ಚಿಯನ್ನು ತಲೆಕೆಳಗು ಮಾಡಿ ಕೂತಿದ್ದಾನೆ. "ಏನ್ರೀ, ಹೆಂಡತಿ ಮುಖ ನೋಡೋದು ಬಿಟ್ಟು ಅದೇನು ನೋಡ್ತಿದೀರ?" ಎಂದು ಅಧಿಕಾರಿ ಕೇಳಿದರೆ, "ಸರ್, ಇದನ್ನ ಹೆಣೆದವನು ನಮ್ಮಣ್ಣ" ಎಂದ. ನಿಜವಾಗಿಯೂ ನನ್ನ ಗಂಡ ಹೆಣೆದದ್ದೇ. ಗಂಟು ನೋಡಿ ಹೇಳಿದ್ದ.

ಗಂಡ ಹೋದರು. ಒಂಬತ್ತು ವರ್ಷದ ಹಿಂದೆ ಮೈದುನನ ಹೆಂಡತಿಯೂ ಹೋದಳು. ಮನೆಯಲ್ಲಿ ಉಳಿದದ್ದು ನಾನು, ಅವನು, ಅವನ ಮಗಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಕೆಳಗಿನ ಕೋಣೆಯಲ್ಲಿ ಕೆಲಸ, ಮೇಲಿನ ಎರಡು ಕೋಣೆಯಲ್ಲಿ ಸಂಸಾರ. ಕೆಲಸ ಎಂದರೆ ಮೊದಲಿನ ಹಾಗೇನೂ ಇಲ್ಲ. ಮೊದಲು ನ್ಯಾಯಾಲಯ, ಆಸ್ಪತ್ರೆ, ರೈಲು ನಿಲ್ದಾಣ ಎಲ್ಲ ಕಡೆಯೂ ಬೆತ್ತದ ಕುರ್ಚಿಗಳೇ ಇದ್ದವು. ಒಂದೊಂದಾಗಿ ಪ್ಲಾಸ್ಟಿಕ್ ಬಂದು ಕೂತಿತು. ಎಷ್ಟೋ ತಿಂಗಳು ಕುರ್ಚಿಯೇ ಬರುತ್ತಿರಲಿಲ್ಲ. ಹಾಗಿರುವಾಗ ವಾಚನಾಲಯದಿಂದ ಮೂವತ್ತು ಕುರ್ಚಿ ಬಂದವು.

ವಾಚನಾಲಯ ನೋಡಿಕೊಳ್ಳುವ ಮೇಡಂ ಐವತ್ತು ದಾಟಿದ ಗಟ್ಟಿ ಹೆಂಗಸು. ನೆಲ ರಿಪೇರಿಗೆಂದು ವಾಚನಾಲಯವನ್ನು ಎರಡೂವರೆ ತಿಂಗಳು ಮುಚ್ಚಿದ್ದರು. ಆ ಹೊತ್ತಿನಲ್ಲಿ ಕುರ್ಚಿಗಳನ್ನೂ ಸರಿ ಮಾಡಿಸೋಣ ಎಂದು ಮೇಲಿನವರ ಜೊತೆ ಜಗಳವಾಡಿ ಒಪ್ಪಿಸಿದ್ದರು.

"ಪ್ಲಾಸ್ಟಿಕ್ ತಗೊಳ್ಳಿ ಅಂದ್ರು ಮೇಷ್ಟ್ರೇ. ನಾನು ಆಗಲ್ಲ ಅಂದೆ. ನನ್ನ ಮಾತು ಉಳಿಸಿ."

"ಉಳಿಸ್ತೀನಿ ಮೇಡಂ. ಇನ್ನು ಇಪ್ಪತ್ತು ವರ್ಷ ನಿಮ್ಮ ಓದುಗರು ಎಷ್ಟೇ ತೂಕ ಹಾಕಿ ಕೂತ್ರೂ ಏನೂ ಆಗಲ್ಲ."

"ಓದೋರು ತೂಕ ಇರಲ್ಲ ಬಿಡಿ, ಪೇಪರ್ ಹಿಡ್ಕೊಂಡು ನಿದ್ದೆ ಮಾಡೋರದ್ದೇ ಭಾರ."

ಆ ದಿನಗಳಲ್ಲಿ ಅವನ ನಡಿಗೆಯೇ ಬೇರೆಯಾಗಿತ್ತು. ದೂರದಿಂದ ಪಾರ್ಸೆಲ್‌ನಲ್ಲಿ ಮೂವತ್ತು ಕುರ್ಚಿಗೆ ಸರಿಯಾಗಿ ಬೆತ್ತ ತರಿಸಿದ. ಅದು ಬರಲು ಮೂರು ತಿಂಗಳು ಕಾಯಬೇಕಾಗುತ್ತದೆ, ಹಾಗಾಗಿ ಮೊದಲೇ ಹೇಳಿಟ್ಟಿದ್ದ. ಬೆಳಿಗ್ಗೆ ನಾನು ತೊಟ್ಟಿಗೆ ನೀರು ತುಂಬಿ ಬೆತ್ತ ನೆನೆಹಾಕುವುದು, ಅವನು ಕೂತು ಎಳೆಯುವುದು. ಎರಡು ದಿನಕ್ಕೊಂದು ಕುರ್ಚಿ. ಐದು ಮುಗಿದಾಗ ಮಗಳು ಅವುಗಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಫೋನಿನಲ್ಲಿ ಹಾಕಿದಳು. ಒಂಬತ್ತು ಜನ ಮೆಚ್ಚಿದರು. ಅದರಲ್ಲಿ ಆರು ಜನ ಅವಳ ವಾರ್ಡಿನ ನರ್ಸುಗಳು.

"ಇನ್ನು ಮೂವರು ಯಾರೇ?" ಎಂದು ಅವನು ಕೇಳಿದ.

"ಇಬ್ಬರು ಪೇಷೆಂಟು. ಇನ್ನೊಬ್ಬಳು ನಾನೇ."

ಅವಳು ಹೊಸ ಫೋನು ಕೊಂಡು ಹಳೆಯದನ್ನು ಅಪ್ಪನಿಗೆ ಕೊಟ್ಟಿದ್ದು ಅದೇ ಸಮಯಕ್ಕೆ. ಪಾಳಿಯಲ್ಲಿರುವಾಗ ಮನೆಗೆ ಒಂದು ಮಾತು ಕೇಳಬೇಕಾದರೆ ಇರಲಿ ಎಂದು. ಹತ್ತೊಂಬತ್ತನೇ ಕುರ್ಚಿ ಮುಗಿದ ದಿನ ಮಧ್ಯಾಹ್ನ ಊಟವಾದ ಮೇಲೆ ಅವನು ಆ ಫೋನನ್ನು ತಿರುವುತ್ತ ಕೂತಿದ್ದ. ಆಗ ಆ ಚಿತ್ರ ಬಂತು.

ನನ್ನನ್ನೂ ಕರೆದು ತೋರಿಸಿದ. ಒಬ್ಬ ಮುದುಕ, ಬಿಳಿ ಗಡ್ಡ, ಮಾಸಿದ ಅಂಗಿ. ಅವನ ಪಕ್ಕದಲ್ಲಿ ಒಂದು ಬೆತ್ತದ ಕುರ್ಚಿ. ಅದರ ಬೆನ್ನು ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ಎರಡೂ ಕಡೆ ಹರಡಿತ್ತು. ಒಂದೊಂದು ಗರಿಯೂ ಬೇರೆ ಬೇರೆ ಹೆಣಿಗೆ. ಕೆಳಗೆ ಬರೆದಿತ್ತು: ನನಗೆ ಎಪ್ಪತ್ತೆಂಟು ವರ್ಷ. ಒಂಬತ್ತು ತಿಂಗಳು ಕೂತು ನಾನೇ ಹೆಣೆದೆ. ಯಾರೂ ಒಂದು ಒಳ್ಳೆಯ ಮಾತು ಹೇಳಲಿಲ್ಲ.

"ಒಳ್ಳೇ ಮಾತು ಹೇಳಲಿಲ್ಲ ಅಂತಾನೆ, ಆರು ಲಕ್ಷ ಜನ ಹೇಳಿದಾರೆ" ಎಂದೆ.

"ಆಮೇಲೆ ಹೇಳಿರ್ಬೇಕು ಅತ್ತಿಗೆ. ಮೊದಲು ಯಾರೂ ಹೇಳಿರಲ್ಲ ಪಾಪ."

ಅವನು ಚಿತ್ರವನ್ನು ದೊಡ್ಡದು ಮಾಡಿ ಬೆರಳಿಟ್ಟು ಒಂದೊಂದೇ ಎಳೆಯನ್ನು ಹಿಂಬಾಲಿಸಿದ. ಎಡಗಡೆ ರೆಕ್ಕೆಯ ಕೆಳಗೆ ಐದನೇ ಎಳೆ ಒಂದು ಕಡೆ ಒಳಗೆ ಹೋಗುತ್ತಿತ್ತು. ಹೊರಗೆ ಬರುವುದು ಕಾಣಲಿಲ್ಲ. ಮತ್ತೆ ಮೊದಲಿನಿಂದ ಹಿಡಿದ. ಮತ್ತೆ ಅಲ್ಲೇ ಹೋಗಿ ನಿಂತಿತು. ಆಗ ಅವನು ಏನು ಮಾಡಿದ ಗೊತ್ತೇ? ಫೋನನ್ನು ಬೋರಲು ಹಾಕಿ ಹಿಂಭಾಗ ನೋಡಿದ. ಅಭ್ಯಾಸದ ಕೈ, ತಾನೇ ತಿರುಗಿತು. ನಾನು ನಕ್ಕೆ. ಅವನೂ ನಕ್ಕ. ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಚಿತ್ರ ತೆಗೆದ.

"ಹೊಟ್ಟೆ ನೋಡಿದ್ರೆ ಗೊತ್ತಾಗ್ತಿತ್ತು ಅತ್ತಿಗೆ. ಒಳಗೆ ಹೋಗಿದ್ದು ಹೊರಗೆ ಬರಲೇಬೇಕು. ಎಲ್ಲೋ ಬಚ್ಚಿಟ್ಟಿದಾನೆ. ನನಗೆ ಗೊತ್ತಿಲ್ಲದ ಹೆಣಿಗೆ ಇದು."

ಬೇರೆ ಯಾರಾದರೂ ಆಗಿದ್ದರೆ ಚೆನ್ನಾಗಿದೆ ಎಂದು ಮುಂದಕ್ಕೆ ಹೋಗುತ್ತಿದ್ದರು. ಎಳೆ ಎಣಿಸಲು ಬಲ್ಲವನು ಎಣಿಸಿದ. ಲೆಕ್ಕ ಹೊಂದದಿದ್ದಾಗ ತಪ್ಪು ತನ್ನದೇ ಎಂದುಕೊಂಡ.

ಮರುದಿನ ಮಗಳ ಕೈಯಲ್ಲಿ ಆ ಚಿತ್ರದ ಕೆಳಗೆ ಬರೆಸಿದ: ಹಿರಿಯರಿಗೆ ನಮಸ್ಕಾರ. ನಾನೂ ಬೆತ್ತದ ಕೆಲಸದವನು. ಎಡಗಡೆ ರೆಕ್ಕೆಯ ಕೆಳಗೆ ಐದನೇ ಎಳೆಯನ್ನು ಎಲ್ಲಿ ಹೊರಗೆ ತೆಗೆದಿರಿ? ಪುರುಸೊತ್ತಾದಾಗ ತಿಳಿಸಿ. ಅವಳು ಡ್ಯೂಟಿಗೆ ಹೊರಡುವ ಅವಸರದಲ್ಲಿ, ಚಿತ್ರವನ್ನು ಸರಿಯಾಗಿ ನೋಡದೆ, ಅವನು ಹೇಳಿದ್ದನ್ನು ಹಾಗೆಯೇ ಬರೆದು ಹೋದಳು. ಉತ್ತರ ಬರಲಿಲ್ಲ. ಅದರ ಮೇಲೂ ಕೆಳಗೂ ಜನ ಹೂವು, ಹೃದಯ, ಕೈಮುಗಿಯುವ ಗುರುತು ಹಾಕಿದ್ದರು. ವಾರ ಕಳೆದ ಮೇಲೆ ಮತ್ತೆ ತಾನೇ ಒಂದೊಂದಕ್ಷರ ಒತ್ತಿ ಬರೆದ: ಆರೋಗ್ಯವಾಗಿದ್ದೀರಾ?

"ವಯಸ್ಸಾದೋರು, ಹುಷಾರಿರಲ್ಲ. ಒಂಬತ್ತು ತಿಂಗಳು ಬಗ್ಗಿ ಕೂತ್ರೆ ಸೊಂಟ ಉಳಿಯುತ್ತಾ?" ಎಂದು ನನಗೆ ಹೇಳಿದ. ಕಂಡರಿಯದವನ ಸೊಂಟದ ಬಗ್ಗೆ ಅವನಿಗೆ ಅಷ್ಟು ಕಾಳಜಿ.

ಆಮೇಲೆ ಫೋನು ಅವನಿಗೆ ಬರೀ ಅಂಥವೇ ತೋರಿಸತೊಡಗಿತು. ದೋಣಿಯ ಆಕಾರದ ಕುರ್ಚಿ, ಹೂವಿನ ಆಕಾರದ ತೊಟ್ಟಿಲು, ಬೆತ್ತದ್ದೇ ಕುದುರೆ. ಪ್ರತಿಯೊಂದರ ಪಕ್ಕದಲ್ಲೂ ಒಬ್ಬ ಮುದುಕನೋ ಮುದುಕಿಯೋ. ಊಟಕ್ಕೆ ಕೂತಾಗ ಫೋನು ತಟ್ಟೆಯ ಪಕ್ಕ. ಉಳಿದ ಹನ್ನೊಂದು ಕುರ್ಚಿಗಳು ಹಳೆಯ ಬೆತ್ತ ಕಿತ್ತ ಬರಿಯ ಚೌಕಟ್ಟಾಗಿ ಗೋಡೆಗೆ ಒರಗಿಕೊಂಡೇ ಇದ್ದವು. ಅವನು ಅವುಗಳನ್ನು ಮುಟ್ಟಲಿಲ್ಲ. ಮುರಿದ ಕಿಟಕಿಯ ಚೌಕಟ್ಟೊಂದನ್ನು ತಂದು ತೂತು ಕೊರೆದು, ಮನೆಯಲ್ಲಿ ಮಿಕ್ಕಿದ್ದ ಹಳೆಯ ತುಂಡು ಬೆತ್ತದಲ್ಲಿ ಆ ರೆಕ್ಕೆಯ ಹೆಣಿಗೆಯನ್ನು ಮಾಡಿ ನೋಡುವುದು, ಬಿಚ್ಚುವುದು, ಇದೇ ಆಯಿತು.

ಪಕ್ಕದ ಅಂಗಡಿಯ ಬಡಗಿ ಅವನ ಹಳೆಯ ಗೆಳೆಯ. ಕುರ್ಚಿಯ ಮರ ಸಡಿಲವಾದರೆ ಅವನೇ ಬಂದು ಬಿಗಿಯುತ್ತಿದ್ದ. ಒಂದು ದಿನ ಟೀ ಕುಡಿಯುತ್ತ ಆ ಚಿತ್ರ ನೋಡಿದ.

"ಮೇಷ್ಟ್ರೇ, ಇದಕ್ಕೆ ಮೂರೇ ಕಾಲಿದೆ."

"ನಾಲ್ಕನೇದು ಹಿಂದೆ ಇದೆಯಪ್ಪ."

"ಹಿಂದೆ ಎಲ್ಲಿ? ಈ ಕಾಲು ನೋಡು, ಮೇಲೆ ಮುಂದಿದೆ, ಕೆಳಗೆ ಹಿಂದಿದೆ. ಇದರ ಮೇಲೆ ಕೂತ್ರೆ ನೇರ ಆಸ್ಪತ್ರೇನೇ. ಮಗಳು ಹೇಗೂ ಅಲ್ಲೇ ಇದಾಳೆ, ಅನುಕೂಲ."

"ನಿನಗೆ ಎಲ್ಲಿ ಹೋದ್ರೂ ಮರದ್ದೇ ಚಿಂತೆ. ಹೆಣಿಗೆ ನೋಡೋ ಅಂದ್ರೆ ಕಾಲು ನೋಡ್ತೀಯ."

"ಕಾಲೇ ಇಲ್ದೋನಿಗೆ ಕಾಲುಂಗುರ ಯಾಕೋ" ಎಂದು ಬಡಗಿ ಲೋಟ ಇಟ್ಟು ಹೋದ. ಮೈದುನ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕಾಲಿನ ಲೆಕ್ಕ ಅವನದಲ್ಲ.

ಅಂದು ಸಂಜೆ ಮುಗಿದ ಕುರ್ಚಿಗಳ ಮುಂದೆ ನಿಂತು ಅವನು ಹೇಳಿದ ಮಾತು ನನಗೆ ನೆನಪಿದೆ. "ಇವೆಲ್ಲ ಜರಡಿ ಅತ್ತಿಗೆ. ನಲವತ್ತೈದು ವರ್ಷ ಜರಡಿ ಹೆಣೆದೆ. ಅಣ್ಣನೂ ಅಷ್ಟೇ. ನಮಗೆ ಯಾರೂ ಹೇಳಿಕೊಡಲಿಲ್ಲ." ನನ್ನ ಗಂಡನನ್ನೂ ಸೇರಿಸಿ ಹೇಳಿದ್ದಕ್ಕೆ ನನಗೆ ಚುಚ್ಚಿತು. ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋದೆ. ಮಾತಿಗೆ ಮಾತು ಬೆಳೆಸಿದರೆ ಮನೆಯಲ್ಲಿ ಇರುವವರೇ ಮೂವರು.

ಮೂರನೇ ವಾರ ಒಂದು ಸಂಜೆ ಕೆಳಗಿನಿಂದ ಕೂಗಿದ. ಹೋಗಿ ನೋಡಿದರೆ ಕಿಟಕಿಯ ಚೌಕಟ್ಟಿನಲ್ಲಿ ಒಂದು ರೆಕ್ಕೆ ಕೂತಿತ್ತು. ಚೆನ್ನಾಗಿಯೇ ಇತ್ತು. ಐದನೇ ಎಳೆಯನ್ನು ಗಂಟು ಹಾಕದೆ, ಇನ್ನೆರಡು ಎಳೆಗಳ ನಡುವೆ ಸುಮ್ಮನೆ ತುರುಕಿದ್ದ. ಎಲ್ಲಿ ಮುಗಿಯಿತೆಂದು ಕಾಣುತ್ತಿರಲಿಲ್ಲ. "ಇಷ್ಟೇ ಅತ್ತಿಗೆ. ಗಂಟೇ ಇಲ್ಲ. ಅದಕ್ಕೇ ನನಗೆ ಸಿಗಲಿಲ್ಲ" ಎಂದ. ಮೂವತ್ತು ದಾಟಿದ ಮಗಳಿದ್ದಾಳೆ, ಆದರೂ ಆ ಹೊತ್ತು ಅವನ ಮುಖ ಹನ್ನೆರಡು ವರ್ಷದ್ದಾಗಿತ್ತು.

"ಒಣಗ್ಲಿ, ನೋಡೋಣ" ಎಂದೆ.

ಒದ್ದೆ ಬೆತ್ತ ಯಾವ ಮಾತಿಗೂ ಹೂಂ ಎನ್ನುತ್ತದೆ. ಒಣಗಿದ ಮೇಲೆಯೇ ಅದರ ನಿಜ. ಇದು ಅವನಿಗೆ ನಾನು ಹೇಳಬೇಕಾದ ಮಾತಲ್ಲ. ಅಣ್ಣನಿಂದ ಅವನು ಕಲಿತ ಮೊದಲ ಪಾಠ ಅದೇ.

ಮಾರನೇ ಬೆಳಿಗ್ಗೆ ನಾನು ಕಣ್ಣು ತೋರಿಸಲು ಆಸ್ಪತ್ರೆಗೆ ಹೋದೆ. ಮಗಳು ಮೊದಲೇ ಡ್ಯೂಟಿಗೆ ಹೋಗಿದ್ದಳು. ಆಗ ಅವನು ಕತ್ತರಿ ತೆಗೆದುಕೊಂಡಿದ್ದು. ವಾಚನಾಲಯದ ಎಲ್ಲ ಕುರ್ಚಿಗೂ ಹೊಸ ಹೆಣಿಗೆ ಹಾಕಬೇಕು, ಅರ್ಧ ಜರಡಿ ಅರ್ಧ ರೆಕ್ಕೆ ಇರಬಾರದು ಎಂದು ಅವನ ಲೆಕ್ಕ. ಬೆತ್ತ ಉಳಿದಿರುವುದು ಹನ್ನೊಂದಕ್ಕೆ ಮಾತ್ರ ಎಂಬ ಲೆಕ್ಕ ಅವನಿಗೆ ಹೊಳೆಯಲೇ ಇಲ್ಲವೋ, ಹೊಳೆದರೂ ಬೇಡವಾಯಿತೋ, ಇವತ್ತಿಗೂ ಹೇಳುವುದಿಲ್ಲ.

ನಾನು ಮಧ್ಯಾಹ್ನ ಬಂದಾಗ ಕೋಣೆಯ ತುಂಬ ಕತ್ತರಿಸಿದ ಬೆತ್ತ. ಬಾಗಿಲು ತಳ್ಳಿದರೆ ತೆರೆಯಲಿಲ್ಲ, ಅಷ್ಟು. ಕಣ್ಣಿಗೆ ಔಷಧ ಹಾಕಿ ಕಳಿಸಿದ್ದರು, ಎಲ್ಲ ಮಂಜು ಮಂಜಾಗಿತ್ತು. ಯಾರದೋ ಮನೆಗೆ ಬಂದೆನೇನೋ ಎಂದುಕೊಂಡೆ. ಅವನು ಕಿಟಕಿಯ ಬಳಿ ನಿಂತಿದ್ದ. ಬಿಸಿಲಿಗೆ ಇಟ್ಟಿದ್ದ ಚೌಕಟ್ಟು ಅಷ್ಟು ಹೊತ್ತಿಗೆ ಒಣಗಿತ್ತು. ತುರುಕಿದ್ದ ಎಳೆ ಹೊರಗೆ ಚಿಮ್ಮಿ ಬಂದಿತ್ತು; ಅದರ ಹಿಂದೆ ಇನ್ನೊಂದು, ಮತ್ತೊಂದು. ರೆಕ್ಕೆ ಇದ್ದ ಜಾಗದಲ್ಲಿ ಒಂದು ಕೆದರಿದ ತಲೆ.

"ಬಿಟ್ಕೊಂಡ್ತು" ಎಂದ. ಅಷ್ಟೇ ಅಂದ.

ಮಗಳು ಸಂಜೆ ಬಂದವಳು ಬಾಗಿಲಲ್ಲೇ ಚಪ್ಪಲಿ ಕಾಲಲ್ಲಿಟ್ಟುಕೊಂಡು ನಿಂತಳು. ಏನಾಯಿತೆಂದು ನಾನೇ ಹೇಳಿದೆ. ಅವಳು ಫೋನು ತೆಗೆದುಕೊಂಡು ಆ ಚಿತ್ರವನ್ನು ಮೊದಲ ಸಲ ಗಮನವಿಟ್ಟು ನೋಡಿದಳು. ಕುರ್ಚಿಯ ಕಾಲುಗಳನ್ನು ದೊಡ್ಡದು ಮಾಡಿದಳು.

"ಅಪ್ಪಾ, ಇದು ಯಾರೂ ಹೆಣೆದಿದ್ದಲ್ಲ."

"ಮತ್ತೆ?"

"ಕಂಪ್ಯೂಟರ್ ಬರೆದಿರೋ ಚಿತ್ರ. ಕುರ್ಚಿ ಇಲ್ಲ. ಆ ತಾತಾನೂ ಇಲ್ಲ."

"ಸತ್ತು ಹೋದ್ರಾ?"

"ಇರಲೇ ಇಲ್ಲಪ್ಪ."

ಅವನು ನಂಬಿದಂತೆ ಕಾಣಲಿಲ್ಲ. ಆಗ ಅವಳು ತನ್ನ ಫೋನಿನಲ್ಲಿ ಏನೋ ತೆರೆದು, ಬೆತ್ತದ ಕುರ್ಚಿ, ಹಕ್ಕಿಯ ರೆಕ್ಕೆಯ ಹಾಗೆ, ಪಕ್ಕದಲ್ಲಿ ಮುದುಕ ಎಂದು ಬರೆದಳು. ನಾವು ಮೂವರೂ ನೋಡುತ್ತಿದ್ದೆವು. ಒಲೆಯ ಮೇಲೆ ಹಾಲು ಉಕ್ಕುವಷ್ಟೂ ಹೊತ್ತಾಗಲಿಲ್ಲ, ನಾಲ್ಕು ಚಿತ್ರ ಬಂದವು. ನಾಲ್ಕು ಮುದುಕರು, ನಾಲ್ಕು ಕುರ್ಚಿ. ಅವನು ನಿಧಾನವಾಗಿ ಕನ್ನಡಕ ಹಾಕಿಕೊಂಡು ಮೊದಲನೆಯದರ ಮೇಲೆ ಬೆರಳಿಟ್ಟು ಎಳೆಯನ್ನು ಹಿಂಬಾಲಿಸಿದ. ಎರಡನೆಯದು. ಮೂರನೆಯದು. ನಾಲ್ಕನೆಯದನ್ನೂ ಬಿಡದೆ ನೋಡಿದ.

"ಇವಕ್ಕೆ ಎಳೆ ಹೊರಗೆ ಬರಬೇಕು ಅಂತಿಲ್ಲ" ಎಂದು ಫೋನು ಅವಳ ಕೈಗೆ ಕೊಟ್ಟ. ಕೈ ತೊಳೆದುಕೊಂಡು ಊಟಕ್ಕೆ ಕೂತ. ಚೆನ್ನಾಗಿಯೇ ಉಂಡ.

ಮೂರನೇ ದಿನ ವಾಚನಾಲಯದ ಮೇಡಂ ಬಂದರು. ಮಗಳು ಹೋಗಿ ಎಲ್ಲ ಹೇಳಿ ಬಂದಿದ್ದಳು. ಅವರು ಬೈಯಲಿಲ್ಲ. ಒಂದು ಬರಿಯ ಚೌಕಟ್ಟಿನ ಅಂಚಿನ ಮೇಲೆ ಹೇಗೋ ಕೂತರು.

"ಮೇಷ್ಟ್ರೇ, ಹದಿನೈದು ದಿನಕ್ಕೆ ಬಾಗಿಲು ತೆರೀಬೇಕು. ಕಡಿಮೆ ಬೀಳೋದಕ್ಕೆ ಪ್ಲಾಸ್ಟಿಕ್ ಹೇಳಿಬಿಟ್ಟೆ. ಬೇರೆ ದಾರಿ ಇಲ್ಲ."

"ಹೂಂ ಮೇಡಂ."

"ಕತ್ತರಿಸಿದ್ದಕ್ಕೆಲ್ಲ ಆ ಬಡಗಿ ಹತ್ರ ಹಲಗೆ ಹೊಡೆಸ್ತೀನಿ. ಆದ್ರೆ ಇನ್ನು ಹನ್ನೊಂದಿದೆಯಲ್ಲ, ಅದಕ್ಕೆ ಬೆತ್ತ ಇದೆಯಂತಲ್ಲ. ಅವನ್ನ ಹೆಣೆದು ಕೊಡಿ. ಕಿಟಕಿ ಪಕ್ಕ ಹಾಕ್ತೀನಿ. ಮುಂದಿನ ತಿಂಗಳ ಕೊನೆ ತನಕ ಆ ಜಾಗಾನ ಯಾರನ್ನೂ ಮುಟ್ಟೋಕೆ ಬಿಡಲ್ಲ."

"ಹೂಂ."

"ಬರೀ ಹೂಂ ಅನ್ಬೇಡಿ. ಮಾಡ್ತೀರಾ?"

"ನೋಡ್ತೀನಿ ಮೇಡಂ."

ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆ ಹನ್ನೊಂದನ್ನು ಅವನು ಹೆಣೆದರೆ ಮತ್ತೆ ಕೆಲಸಕ್ಕೆ ಕೂತ ಹಾಗೆ, ಇಲ್ಲದಿದ್ದರೆ ಇಲ್ಲ. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಮೇಲಿನ ದಿನಗಳನ್ನು ಹೇಳುವುದು ಕಷ್ಟ. ಹೇಳಲು ಏನೂ ಇಲ್ಲ. ಬೆಳಿಗ್ಗೆ ನಾನು ಬೆತ್ತ ನೆನೆಹಾಕುತ್ತಿದ್ದೆ. ಅವನು ಕೆಳಗೆ ಬಂದು ಕೂರುತ್ತಿದ್ದ. ಚೌಕಟ್ಟನ್ನು ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಿದ್ದ. ಒಂದು ಎಳೆ ಎಳೆದು ನಿಲ್ಲಿಸುತ್ತಿದ್ದ. ಮಧ್ಯಾಹ್ನಕ್ಕೆ ನೆನೆದ ಬೆತ್ತವನ್ನು ನಾನು ತೆಗೆದು ಮತ್ತೆ ಒಣಹಾಕುತ್ತಿದ್ದೆ. ಹೆಚ್ಚು ನೆನೆದರೆ ಬೆತ್ತ ಕಪ್ಪಾಗುತ್ತದೆ. "ಕೈ ನೋಯ್ತಿದೆಯಾ?" ಎಂದು ಕೇಳಿದೆ. "ಇಲ್ಲ." "ಮನಸ್ಸಿಲ್ವಾ?" "ಹಾಗೇನಿಲ್ಲ." ಆ ಬಿಳಿ ಗಡ್ಡದವನ ಮೇಲೆ ಸಿಟ್ಟಾದರೂ ಮಾಡಿಕೊಳ್ಳಲಿ ಎಂದು ಕಾದೆ. ಇಲ್ಲದವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ.

ಫೋನನ್ನು ಬಿಟ್ಟನೇ ಎಂದರೆ ಅದೂ ಇಲ್ಲ. ಈಗಲೂ ಬೆತ್ತದ ಕುದುರೆ, ಬೆತ್ತದ ದೋಣಿ ಬರುತ್ತಿದ್ದವು. ಬೆರಳು ಮೇಲಕ್ಕೆ ತಳ್ಳುತ್ತಿತ್ತು, ಕಣ್ಣು ನೋಡುತ್ತಿತ್ತು.

"ಸುಳ್ಳು ಅಂತ ಗೊತ್ತಲ್ಲ, ಮತ್ತೆ ಯಾಕೆ ನೋಡ್ತೀಯ?" ಎಂದೆ.

"ಬರುತ್ತಲ್ಲ ಅತ್ತಿಗೆ" ಎಂದ.

ಬಡಗಿ ಬಂದು ಹತ್ತೊಂಬತ್ತು ಕುರ್ಚಿಗೂ ತೆಳು ಹಲಗೆ ಹೊಡೆದ. ಇಡೀ ದಿನ ಸುತ್ತಿಗೆ ಸದ್ದು. ಮೈದುನನೇ ಮೊಳೆ ಎತ್ತಿ ಎತ್ತಿ ಕೊಟ್ಟ. ಮಾತಿನ ಮಲ್ಲ ಬಡಗಿ ಅವತ್ತು ಒಂದೂ ತಮಾಷೆ ಮಾಡಲಿಲ್ಲ. ಹೋಗುವಾಗ ಮಾತ್ರ, "ನನ್ನ ಬೈಯೋ ಮಾರಾಯ, ನಿನ್ನ ಕುರ್ಚಿಗೆ ಮೊಳೆ ಹೊಡೆದಿದೀನಿ" ಎಂದ. "ಚೆನ್ನಾಗಿ ಹೊಡೆದಿದೀಯ" ಎಂದ ಇವನು.

ಮೇಡಂ ಹೇಳಿದ್ದ ತಿಂಗಳು ಮುಗಿಯಲು ಒಂದು ವಾರ ಇರುವಾಗ ಮಗಳು ಡ್ಯೂಟಿಯಿಂದ ಬೇಗ ಬಂದಳು. ಮೆಟ್ಟಿಲು ಹತ್ತುತ್ತಲೇ ಕರೆದಳು. "ಅಪ್ಪಾ, ದೊಡ್ಡಮ್ಮಾ, ಇಲ್ಲಿ ನೋಡಿ. ಅಪ್ಪ ಕೇಳಿದ್ದಕ್ಕೆ ಉತ್ತರ ಬಂದಿದೆ."

ಆ ಚಿತ್ರದ ಕೆಳಗೆ, ಹೂವು ಹೃದಯಗಳ ರಾಶಿಯ ನಡುವೆ, ಇವನ ಪ್ರಶ್ನೆಗೆ ಯಾರೋ ಬರೆದಿದ್ದರು. ಮಗಳು ಓದಿದಳು: ನಾನೂ ಬೆತ್ತ ಹೆಣೆಯುವವನು. ನಿಮ್ಮ ಪ್ರಶ್ನೆ ಈಗ ನೋಡಿದೆ. ಆ ಐದನೇ ಎಳೆ ಹುಡುಕಿ ಹುಡುಕಿ ನನಗೂ ತಲೆ ಕೆಟ್ಟಿದೆ. ಚಿತ್ರ ನಿಜದ್ದಲ್ಲ ಅನ್ನಿಸುತ್ತದೆ. ನೀವು ಮಾತ್ರ ನಿಜವಾಗಿ ಹೆಣೆಯುವವರು, ಇಲ್ಲದಿದ್ದರೆ ಇಷ್ಟು ಜನರಲ್ಲಿ ಆ ಎಳೆಯನ್ನೇ ಕೇಳುತ್ತಿರಲಿಲ್ಲ. ನನ್ನ ಕೆಲಸ ಕಳಿಸಿದ್ದೇನೆ. ನಿಮ್ಮದೂ ಕಳಿಸಿ.

ಜೊತೆಗೆ ಒಂದು ಫೋಟೋ. ಕುರ್ಚಿಯನ್ನು ಬೋರಲು ಹಾಕಿ ತೆಗೆದದ್ದು. ಹೊಟ್ಟೆ ಮಾತ್ರ, ಮುಖ ಇಲ್ಲ.

ಬೇರೆ ಯಾರು ಆ ಕಡೆಯಿಂದ ಫೋಟೋ ತೆಗೆದಾರು? ಕನ್ನಡಕ ಒರೆಸಿಕೊಂಡು ನೋಡಿದೆ. ಗಂಟುಗಳು ಒಂದೊಂದೂ ಕಾಣುತ್ತಿದ್ದವು. ಎಲ್ಲವೂ ನಮ್ಮವರು ಹಾಕುವುದಕ್ಕೆ ತಿರುಗುಮುರುಗು, ಎಡಕ್ಕೆ ಹೊರಳಿದ್ದವು. ಮೂಲೆಯಲ್ಲಿ ಬೆತ್ತ ಸಾಲದೆ ಬೇರೆ ಬಣ್ಣದ ತುಂಡೊಂದನ್ನು ಸೇರಿಸಿದ್ದ, ಅದನ್ನು ಮರೆಮಾಡಲು ಹೋಗಿ ಇನ್ನೂ ಎದ್ದು ಕಾಣುವಂತೆ ಮಾಡಿದ್ದ.

"ಎಡಗೈಯವನು ಕಣೋ" ಎಂದೆ. "ಗಂಟು ನೋಡು. ಬೆತ್ತ ಬೇರೆ ಸಾಲಲಿಲ್ಲ ಪಾಪ."

ಮೈದುನ ಫೋನು ತೆಗೆದುಕೊಂಡು ನೋಡಿದ. ಬೆರಳಿಟ್ಟು ದೊಡ್ಡದು ಮಾಡಲಿಲ್ಲ. ಎಳೆಯನ್ನು ಹಿಂಬಾಲಿಸಲಿಲ್ಲ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ನೋಡಿದ.

"ಈ ಕಂಪ್ಯೂಟರುಗಳು ಹೊಟ್ಟೇನೂ ಬರೆಯೋಕೆ ಕಲಿತಿವೆ ಅತ್ತಿಗೆ."

"ಅಪ್ಪಾ, ಇದು ನಿಜವಾದ ಮನುಷ್ಯ. ಬೇರೆ ಫೋಟೋನೂ ಇದೆ ಇವರದ್ದು. ಅಂಗಡಿ ಇದೆ, ಹೆಂಡತಿ ಇದಾರೆ, ನಾಯಿ ಇದೆ."

"ನಾಯೀನೂ ಬರೀತಾವೆ."

"ಒಂದು ಮಾತು ಬರೆಯಪ್ಪ. ಅವರು ಬರೆದು ನಾಲ್ಕು ದಿನ ಆಗಿದೆ. ಕಾಯ್ತಿರ್ತಾರೆ."

"ಕಾಯೋಕೆ ಒಬ್ಬರು ಇರ್ಬೇಕಲ್ಲ" ಎಂದ. ಕುಹಕದಿಂದ ಅನ್ನಲಿಲ್ಲ. ಬಾಗಿಲು ಹಾಕಿದೆಯಾ ಎಂದು ಕೇಳುವ ದನಿಯಲ್ಲೇ ಅಂದ.

ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ನಾನು ಇನ್ನೊಮ್ಮೆ ಹೇಳಿ ನೋಡಿದೆ. "ನಿಮ್ಮಣ್ಣನ ಗಂಟನ್ನ ಕಚೇರಿಯಲ್ಲಿ ಗುರುತು ಹಿಡಿದೋನು ನೀನು. ಇದು ಕೈ ಹಾಕಿದ ಗಂಟೋ ಅಲ್ವೋ, ನಿನಗೆ ಗೊತ್ತಾಗಲ್ವಾ?"

"ಮೊದಲು ಗೊತ್ತಾಗ್ತಿತ್ತು" ಎಂದ. "ನೀವು ಹೇಳೋದೂ ಇರಬಹುದು ಅತ್ತಿಗೆ. ಇಲ್ದೆನೂ ಇರಬಹುದು."

ಮಗಳೇ ಆಮೇಲೆ ಆ ಎಡಗೈಯವನಿಗೆ ಏನೋ ಎರಡು ಸಾಲು ಬರೆದಳಂತೆ. ಅಪ್ಪನಿಗೆ ಹುಷಾರಿಲ್ಲ ಎಂ​ದೋ ಏನೋ. ನಾನು ಕೇಳಲಿಲ್ಲ.

ತಿಂಗಳ ಕೊನೆಯ ದಿನ ವಾಚನಾಲಯದವರ ತಳ್ಳುಗಾಡಿ ಬಂತು. ಮೇಡಂ ಬರಲಿಲ್ಲ, ಜವಾನನನ್ನು ಕಳಿಸಿದ್ದರು. ಹನ್ನೊಂದು ಚೌಕಟ್ಟುಗಳನ್ನು ಮೈದುನನೇ ಒಂದೊಂದಾಗಿ ಹೊರಗೆ ತಂದು ಕೊಟ್ಟ. ಹನ್ನೊಂದರಲ್ಲೂ ಉದ್ದಕ್ಕೆ ಒಂದೋ ಎರಡೋ ಎಳೆ ಇತ್ತು. "ಇದನ್ನ ತೆಗೀಲಾ?" ಎಂದು ಜವಾನ ಕೇಳಿದ. "ಹಲಗೆ ಹೊಡೆಯೋರು ತೆಗೀತಾರೆ" ಎಂದ. ಉಳಿದ ಬೆತ್ತದ ಕಟ್ಟನ್ನೂ ಗಾಡಿಯ ಮೇಲೆ ಇಟ್ಟ. ಅದು ಅವರ ದುಡ್ಡಿನದು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವನು ನಿಲ್ಲಲಿಲ್ಲ. ಒಳಗೆ ಬಂದು ಖಾಲಿ ಕೋಣೆಯ ಬಾಗಿಲು ಎಳೆದುಕೊಂಡ.

ನಾನು ಮಹಡಿಯ ಮೇಲೆ ಒಣಹಾಕಿದ್ದ ಬಟ್ಟೆ ತೆಗೆಯುತ್ತಿದ್ದೆ. ಮಗಳ ವಾರ್ಡಿನ ಕೋಟು, ನನ್ನ ಎರಡು ಸೀರೆ, ಮೂರು ಹಾಸಿಗೆಯ ಹೊದಿಕೆ. ಅವನು ಹತ್ತಿ ಬಂದ. ಉಸಿರು ಸ್ವಲ್ಪ ಏರಿತ್ತು.

"ದೊಡ್ಡದು ಒಬ್ಬರಿಗೇ ಆಗಲ್ಲ, ಕೊಡಿ" ಎಂದು ಹೊದಿಕೆಯ ಒಂದು ಕೊನೆ ಹಿಡಿದ. ನಾನು ಇನ್ನೊಂದು ಹಿಡಿದೆ. ಇಬ್ಬರೂ ಹಿಂದೆ ಸರಿದು ಎಳೆದೆವು, ಕೊಡವಿದೆವು. ಮೂಲೆಗೆ ಮೂಲೆ ಸೇರಿಸಿ ಅವನು ನನ್ನ ಕಡೆ ನಡೆದು ಬಂದ, ನಾನು ಅವನ ಕೈಯಿಂದ ಅಂಚು ತೆಗೆದುಕೊಂಡೆ. ಎರಡನೆಯದು ಇನ್ನೂ ಸ್ವಲ್ಪ ಹಸಿ ಇತ್ತು. ಅದನ್ನು ಮತ್ತೆ ತಂತಿಯ ಮೇಲೆ ಹಾಕಿ ಮೂರನೆಯದನ್ನು ಹಿಡಿದೆವು.